ಆಳಗಡಲಿನ ನಕ್ಷತ್ರಮೀನುಗಳು: ಎಲ್ಲಿ ಹೆಚ್ಚು, ಏಕೆ?

ಸಮಭಾಜಕ ವೃತ್ತದ ಕಡೆಗೆ ಹೋದಂತೆಲ್ಲ ಜೀವಿಗಳ ಪ್ರಭೇದಗಳು ಹೆಚ್ಚುತ್ತವೆ, ಧ್ರುವಗಳ ಕಡೆಗೆ ಸಾಗಿದಂತೆಲ್ಲ ಕಡಿಮೆಯಾಗುತ್ತವೆ ಎಂಬುದು ನಾವೆಲ್ಲ ಶಾಲೆಯಲ್ಲೇ ಕಲಿತ ಪಾಠ. ಮರಗಳು, ಹಕ್ಕಿಗಳು, ಕಪ್ಪೆಗಳು, ಚಿಟ್ಟೆಗಳು, ಹವಳದ ದಿಬ್ಬಗಳ ಮೀನುಗಳು ಹೆಚ್ಚುಕಡಿಮೆ ಈ ಪಾಠಕ್ಕೆ ಒಪ್ಪುವಂತೆಯೇ ಭೂಮಿಯ ಮೇಲೆ ಹಂಚಿಹೋಗಿವೆ. ಆದರೆ ಕಡಲ ಮೇಲ್ಮೈಯಿಂದ ಎರಡು ಸಾವಿರ ಮೀಟರಿಗಿಂತ ಕೆಳಗಿಳಿದು, ಬೆಳಕಿನ ಸುಳಿವೇ ಇಲ್ಲದ ಕೆಸರಿನ ನೆಲದಲ್ಲಿ ಬದುಕುವ ನಕ್ಷತ್ರಮೀನುಗಳನ್ನೂ ಅವುಗಳ ಹತ್ತಿರದ ಬಂಧುಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಆ ಪಾಠ ಹೊಂದಿಕೆಯಾಗುವುದಿಲ್ಲ. ಅಲ್ಲಿನ ವೈವಿಧ್ಯವನ್ನು ನಿರ್ಧರಿಸುವುದು ಬಿಸಿಲಿನ ಶಾಖಕ್ಕಿಂತ ಹೆಚ್ಚಾಗಿ ಮೇಲಿನಿಂದ ಉದುರುವ ಆಹಾರ. ಬಹುಕಾಲದಿಂದ ನನ್ನ ಓದಿನ ದೊಡ್ಡ ಪಾಲನ್ನು ಈ ವಿಷಯವೇ ತೆಗೆದುಕೊಂಡಿದೆ. ಭೂಮಿಯ ಮೇಲ್ಮೈಯ ಸುಮಾರು ಮೂರರಲ್ಲಿ ಎರಡು ಪಾಲು ಇನ್ನೂರು ಮೀಟರಿಗಿಂತ ಆಳದ ನೀರಿನ ಅಡಿಯಲ್ಲಿದೆ. ಹಾಗಿರುವಾಗ, ನೆಲದ ಮೇಲಿನ ಜೀವಿಗಳನ್ನು ನೋಡಿ ಮಾಡಿಕೊಂಡ ನಿಯಮವನ್ನು ಇಡೀ ಭೂಮಿಯ ನಿಯಮವೆಂದು ಕರೆಯುವುದಕ್ಕೆ ಮುಂಚೆ ಆ ಮೂರರಲ್ಲಿ ಎರಡು ಪಾಲಿನ ಮಾತನ್ನೂ ಕೇಳಬೇಕಲ್ಲವೇ ಎಂಬುದು ನನ್ನ ವಾದ.

ನಕ್ಷತ್ರಮೀನುಗಳು ಮೀನುಗಳಲ್ಲ ಎಂಬುದು ಓದುಗರಿಗೆ ಗೊತ್ತಿರುವ ಸಂಗತಿಯೇ. ಕಡಲ ಮುಳ್ಳುಚೆಂಡು (ಸೀ ಅರ್ಚಿನ್), ಕಡಲ ಸೌತೆ, ಕಡಲ ಲಿಲ್ಲಿಗಳ ಜೊತೆಗೆ ಇವು ಕಂಟಕಚರ್ಮಿಗಳೆಂಬ ವಂಶಕ್ಕೆ ಸೇರಿದವು, ಮತ್ತು ಈ ಇಡೀ ವಂಶದಲ್ಲಿ ಸಿಹಿನೀರಿನಲ್ಲಿ ಬಾಳುವ ಒಂದೇ ಒಂದು ಪ್ರಭೇದವೂ ಇಲ್ಲ. ಇಂದು ಜೀವಂತವಾಗಿರುವ ನಕ್ಷತ್ರಮೀನುಗಳಲ್ಲಿ ಸುಮಾರು 1,900 ಪ್ರಭೇದಗಳಿಗೆ ಹೆಸರಿಡಲಾಗಿದೆ. ತೆಳ್ಳನೆಯ, ಬಳುಕುವ, ಮುಟ್ಟಿದರೆ ಮುರಿಯುವ ತೋಳುಗಳುಳ್ಳ ಬ್ರಿಟಲ್ ಸ್ಟಾರ್‌ಗಳು ಇವುಗಳ ಸೋದರ ಗುಂಪು. ಅವುಗಳಲ್ಲಿ ಸುಮಾರು 2,100 ಪ್ರಭೇದಗಳಿವೆ. ಅಲೆ ಬಡಿಯುವ ಬಂಡೆಯಿಂದ ಹಿಡಿದು ಏಳು ಸಾವಿರ ಮೀಟರಿಗೂ ಮೀರಿದ ಸಾಗರ ತಗ್ಗುಗಳವರೆಗೆ ನಕ್ಷತ್ರಮೀನುಗಳು ಸಿಕ್ಕಿವೆ. ಇಷ್ಟು ಅಗಲವಾದ ಆಳದ ವ್ಯಾಪ್ತಿಯಲ್ಲಿ ಒಂದೇ ದೇಹವಿನ್ಯಾಸವನ್ನು ಉಳಿಸಿಕೊಂಡು ಬಂದಿರುವುದರಿಂದಲೇ, ಕಡಲ ತಳದಲ್ಲಿ ವೈವಿಧ್ಯ ಹೇಗೆ ಹಂಚಿಹೋಗಿದೆ ಎಂಬ ಪ್ರಶ್ನೆಗೆ ಈ ಗುಂಪು ಬಹಳ ಒಳ್ಳೆಯ ಸಾಕ್ಷಿ.

ಈ ಪ್ರಶ್ನೆಯ ಇತಿಹಾಸದ ಮೊದಲ ಅಧ್ಯಾಯ ನನ್ನನ್ನು ಇಂದಿಗೂ ಕಾಡುತ್ತದೆ. ಎಡ್ವರ್ಡ್ ಫೋರ್ಬ್ಸ್ ಎಂಬ ಬ್ರಿಟಿಷ್ ನಿಸರ್ಗವಿಜ್ಞಾನಿ 1841ರಲ್ಲಿ ಬೀಕನ್ ಎಂಬ ಹಡಗಿನಲ್ಲಿ ಏಜಿಯನ್ ಸಮುದ್ರಕ್ಕೆ ಹೋಗಿ, ತಳವನ್ನು ಗೋರುವ ಬಲೆಯನ್ನು ಬೇರೆ ಬೇರೆ ಆಳಗಳಲ್ಲಿ ಎಳೆದ. ಆಳ ಹೆಚ್ಚಿದಂತೆ ಬಲೆಯಲ್ಲಿ ಬರುವ ಜೀವಿಗಳು ಕಡಿಮೆಯಾಗುತ್ತ ಹೋದವು. ಅವನ ಬಲೆ ಮುಟ್ಟಿದ್ದು ಸುಮಾರು 420 ಮೀಟರುಗಳ ಆಳವನ್ನು. ಅಲ್ಲಿಯವರೆಗಿನ ಇಳಿಕೆಯನ್ನೇ ಮುಂದಕ್ಕೆ ಎಳೆದು, ಸುಮಾರು 550 ಮೀಟರುಗಳಿಂದ ಕೆಳಗೆ ಜೀವವೇ ಇರಲಾರದೆಂದು ಅವನು ತೀರ್ಮಾನಿಸಿದ. ಫೋರ್ಬ್ಸ್ ಅಸಡ್ಡೆಯ ಮನುಷ್ಯನಾಗಿರಲಿಲ್ಲ. ಬ್ರಿಟನ್ನಿನ ನಕ್ಷತ್ರಮೀನುಗಳ ಬಗ್ಗೆ ಪ್ರೀತಿಯಿಂದ ಒಂದು ಪುಸ್ತಕವನ್ನೇ ಬರೆದವನು. ಅವನು ಹೋದ ಜಾಗವೇ ಅವನನ್ನು ದಾರಿ ತಪ್ಪಿಸಿತು. ಪೂರ್ವ ಮೆಡಿಟರೇನಿಯನ್ ಆಹಾರದ ದೃಷ್ಟಿಯಿಂದ ತೀರಾ ಬಡ ಸಮುದ್ರ, ಅದರ ಆಳದ ನೀರು ಸುಮಾರು 13 ಡಿಗ್ರಿಗಳಷ್ಟು ಬೆಚ್ಚಗಿದೆ, ಅದರ ತಳದಲ್ಲಿ ಜೀವಿಗಳು ನಿಜವಾಗಿಯೂ ವಿರಳ. ಒಂದು ಬಡ ಸಮುದ್ರದ ಲೆಕ್ಕ ಎಲ್ಲ ಸಾಗರಗಳ ಲೆಕ್ಕವಾಯಿತು.

ಅದಕ್ಕೆ ವಿರುದ್ಧವಾದ ಪುರಾವೆ ಆಗಲೇ ಲೋಕಕ್ಕೆ ಬಂದಿತ್ತು ಎಂಬುದು ಇನ್ನೂ ಹೆಚ್ಚಿನ ಸೋಜಿಗ. ಜಾನ್ ರಾಸ್ 1818ರಲ್ಲಿ ಬ್ಯಾಫಿನ್ ಕೊಲ್ಲಿಯಲ್ಲಿ ಆಳ ಅಳೆಯಲೆಂದು ಇಳಿಬಿಟ್ಟ ಹಗ್ಗಕ್ಕೆ, ಕವಲೊಡೆದ ತೋಳುಗಳ ಒಂದು ಬಾಸ್ಕೆಟ್ ಸ್ಟಾರ್ ಸಿಕ್ಕಿಹಾಕಿಕೊಂಡು ಮೇಲೆ ಬಂದಿತ್ತು. ಅದು ಬ್ರಿಟಲ್ ಸ್ಟಾರ್‌ಗಳ ಗುಂಪಿನದೇ ಪ್ರಾಣಿ. ಮುಂದೆ 1860ರಲ್ಲಿ, ಅಟ್ಲಾಂಟಿಕ್ ಟೆಲಿಗ್ರಾಫ್ ತಂತಿಯ ಹಾದಿಯನ್ನು ಅಳೆಯಲು ಹೊರಟಿದ್ದ ಬುಲ್‌ಡಾಗ್ ಹಡಗಿನಲ್ಲಿ ಜಾರ್ಜ್ ಚಾರ್ಲ್ಸ್ ವಾಲಿಕ್ ಸುಮಾರು 2,300 ಮೀಟರ್ ಆಳದಿಂದ ಎಳೆದ ಹಗ್ಗಕ್ಕೆ ಹದಿಮೂರು ಬ್ರಿಟಲ್ ಸ್ಟಾರ್‌ಗಳು ಅಂಟಿಕೊಂಡಿದ್ದವು. ಅವು ಮಧ್ಯದ ನೀರಿನಲ್ಲಿ ತೇಲುತ್ತಿದ್ದಾಗ ಹಗ್ಗಕ್ಕೆ ತಗುಲಿರಬಹುದೆಂದು ಸಂಶಯ ಪಟ್ಟವರಿದ್ದರು. 1872ರಿಂದ 1876ರವರೆಗೆ ಚಾಲೆಂಜರ್ ಹಡಗು ಲೋಕವನ್ನು ಸುತ್ತಿ ಬಂದ ಮೇಲೆ ಆ ಸಂಶಯಕ್ಕೆ ಎಡೆಯೇ ಉಳಿಯಲಿಲ್ಲ. ಆ ಯಾತ್ರೆಯ ನಕ್ಷತ್ರಮೀನುಗಳನ್ನು ಪರೀಕ್ಷಿಸಿ ಪರ್ಸಿ ಸ್ಲೇಡೆನ್ 1889ರಲ್ಲಿ ಹೊರತಂದ ಬೃಹತ್ ವರದಿ ಇಂದಿಗೂ ಈ ಕ್ಷೇತ್ರದ ಅಡಿಗಲ್ಲು. ಬಂಗಾಳ ಕೊಲ್ಲಿ ಮತ್ತು ಅಂಡಮಾನ್ ಸಮುದ್ರಗಳಲ್ಲಿ ಇನ್‌ವೆಸ್ಟಿಗೇಟರ್ ಎಂಬ ಸಮೀಕ್ಷಾ ಹಡಗು ಸಂಗ್ರಹಿಸಿದ ಆಳಗಡಲಿನ ನಕ್ಷತ್ರಮೀನುಗಳನ್ನು ಆಲ್ಫ್ರೆಡ್ ಆಲ್ಕಾಕ್ 1893ರಲ್ಲಿ ವರ್ಣಿಸಿದ. ಹಿಂದೂ ಮಹಾಸಾಗರದ ತಳದ ಬಗ್ಗೆ ಮಾತನಾಡುವವರು ಈಗಲೂ ಆ ಸಂಗ್ರಹದ ಬಳಿಗೆ ಮರಳಬೇಕಾಗುತ್ತದೆ.

ಇನ್ನು ಆ ತಳದ ಸ್ಥಿತಿಗತಿ. ಖಂಡಾವರಣ ಪ್ರದೇಶ ಸುಮಾರು 200 ಮೀಟರುಗಳಲ್ಲಿ ಮುಗಿದು, ಖಂಡಾವರಣ ಇಳಿಜಾರು ಆರಂಭವಾಗುತ್ತದೆ. ಅದು ಮೂರು ಸಾವಿರ ಮೀಟರುಗಳ ಆಸುಪಾಸಿನಲ್ಲಿ ಆಳಸಾಗರ ಮೈದಾನಗಳಿಗೆ ಬಂದು ಸೇರುತ್ತದೆ. ಆರು ಸಾವಿರ ಮೀಟರಿನ ಕೆಳಗೆ ಉಳಿಯುವುದು ತಗ್ಗುಗಳು ಮಾತ್ರ. ಪ್ರತಿ ಹತ್ತು ಮೀಟರಿಗೆ ಒಂದು ವಾಯುಭಾರದಂತೆ ಒತ್ತಡ ಏರುತ್ತದೆ, ಆದ್ದರಿಂದ ನಾಲ್ಕು ಸಾವಿರ ಮೀಟರಿನಲ್ಲಿ ಅದು ನಾನೂರು ವಾಯುಭಾರ. ಎರಡು ಸಾವಿರ ಮೀಟರಿನ ಕೆಳಗೆ, ಮೆಡಿಟರೇನಿಯನ್‌ನಂಥ ಕೆಲವು ಜಾಗಗಳನ್ನು ಬಿಟ್ಟರೆ, ಸಮಭಾಜಕದಲ್ಲಾಗಲಿ ಧ್ರುವದ ಹತ್ತಿರವಾಗಲಿ ನೀರು ಒಂದರಿಂದ ನಾಲ್ಕು ಡಿಗ್ರಿಗಳ ಆಸುಪಾಸಿನಲ್ಲೇ ಇರುತ್ತದೆ. ಮೇಲಿನ ಲೋಕದಲ್ಲಿ ಅಕ್ಷಾಂಶಕ್ಕೆ ಇರುವ ಮುಖ್ಯ ಅರ್ಥವೇ ಶಾಖ. ಆಳದಲ್ಲಿ ಆ ವ್ಯತ್ಯಾಸ ಹೆಚ್ಚುಕಡಿಮೆ ಅಳಿಸಿಹೋಗಿರುತ್ತದೆ. ಉಳಿಯುವ ದೊಡ್ಡ ವ್ಯತ್ಯಾಸವೆಂದರೆ ಆಹಾರದ್ದು. ಬೆಳಕಿಲ್ಲದಲ್ಲಿ ಸಸ್ಯಗಳಿಲ್ಲ. ಮೇಲ್ಮೈಯಲ್ಲಿ ಸಸ್ಯಪ್ಲವಕಗಳು ತಯಾರಿಸಿದ ಆಹಾರದಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ, ಸತ್ತ ಕಣಗಳು, ಮಲದ ಉಂಡೆಗಳು ಮತ್ತು ಲೋಳೆಯ ತುಣುಕುಗಳ ರೂಪದಲ್ಲಿ, ಆಳಸಾಗರ ಮೈದಾನವನ್ನು ಮುಟ್ಟುತ್ತದೆ. ಅಲ್ಲಿನ ನಕ್ಷತ್ರಮೀನುಗಳ ಬದುಕು ನಿಂತಿರುವುದು ಬಹುಮಟ್ಟಿಗೆ ಈ ಅಲ್ಪ ಪಾಲಿನ ಮೇಲೆ.

ಮೊದಲು ಆಳದ ಲೆಕ್ಕವನ್ನೇ ನೋಡೋಣ. ಇಳಿಯುತ್ತ ಹೋದಂತೆ ಪ್ರಭೇದಗಳು ಒಂದೇ ಸಮನೆ ಕಡಿಮೆಯಾಗುತ್ತವೆ ಎಂದು ಫೋರ್ಬ್ಸ್ ಭಾವಿಸಿದ್ದು ಸಹಜವೇ. ಆದರೆ 1960ರ ದಶಕದಲ್ಲಿ ರಾಬರ್ಟ್ ಹೆಸ್ಲರ್ ಮತ್ತು ಹೋವರ್ಡ್ ಸ್ಯಾಂಡರ್ಸ್ ಸಣ್ಣ ಕಣ್ಣಿನ ಬಲೆಗಳಿಂದ ವಾಯವ್ಯ ಅಟ್ಲಾಂಟಿಕ್‌ನ ಕೆಸರನ್ನು ಎತ್ತಿ ನೋಡಿದಾಗ, ಜೀವಿಗಳ ಸಂಖ್ಯೆ ಕಡಿಮೆಯಿದ್ದರೂ ಅವುಗಳ ಪ್ರಭೇದಗಳು ನಿರೀಕ್ಷೆಗೆ ಮೀರಿ ಹೆಚ್ಚಾಗಿದ್ದವು. ಮುಂದಿನ ಅಧ್ಯಯನಗಳಲ್ಲಿ ತಳದ ಜೀವಿಗಳ ಅನೇಕ ಗುಂಪುಗಳು ಇಳಿಜಾರಿನ ನಡುಭಾಗದಲ್ಲಿ, ಸುಮಾರು ಎರಡು-ಮೂರು ಸಾವಿರ ಮೀಟರುಗಳಲ್ಲಿ, ಅತಿ ಹೆಚ್ಚು ವೈವಿಧ್ಯವನ್ನು ತೋರಿಸಿದವು. ಐರ್ಲೆಂಡಿನ ನೈಋತ್ಯಕ್ಕಿರುವ ಪಾರ್ಕುಪೈನ್ ಸೀಬೈಟ್ ಎಂಬ ಕಡಲ ತಗ್ಗು ಮತ್ತು ಅದರಾಚೆಯ ಆಳಸಾಗರ ಮೈದಾನದಲ್ಲಿ ಹಲವು ದಶಕಗಳ ಕಾಲ ಬಲೆ ಎಳೆದು ಸಂಗ್ರಹಿಸಿದ ನಕ್ಷತ್ರಮೀನುಗಳನ್ನು ಆಳಕ್ಕೆ ಅನುಸಾರವಾಗಿ ಜೋಡಿಸಿ ನೋಡಿದಾಗಲೂ ಶಿಖರ ಕಂಡದ್ದು ಸುಮಾರು 1,800 ಮೀಟರುಗಳಲ್ಲಿ. ಇಳಿಜಾರಿನ ಪ್ರತಿಯೊಂದು ಪಟ್ಟಿಯಲ್ಲೂ ಬೇರೆ ಬೇರೆ ಪ್ರಭೇದಗಳು ಮನೆ ಮಾಡಿಕೊಂಡಿರುತ್ತವೆ. ಒಂದರ ಕೆಳಗಂಚು ಇನ್ನೊಂದರ ಮೇಲಂಚಿನೊಡನೆ ಕೂಡುವ ಕಡೆ ಪ್ರಭೇದಗಳ ಎಣಿಕೆ ದೊಡ್ಡದಾಗುತ್ತದೆ. ಅಲ್ಲಿಂದ ಕೆಳಕ್ಕೆ ಆಹಾರ ಇನ್ನಷ್ಟು ತೆಳುವಾಗಿ, ಮೈದಾನವನ್ನು ತಲುಪುವಷ್ಟರಲ್ಲಿ ಕೆಲವೇ ಕುಟುಂಬಗಳು ಉಳಿದಿರುತ್ತವೆ. ಮೈಕಲ್ ರೆಕ್ಸ್ ಮತ್ತು ಸಂಗಡಿಗರು 2005ರಲ್ಲಿ ಮುಂದಿಟ್ಟ ಒಂದು ವಿಚಾರದ ಪ್ರಕಾರ, ಮೈದಾನದಲ್ಲಿ ಕಾಣುವ ಅನೇಕ ಜೀವಿಗಳು ಅಲ್ಲಿ ತಮ್ಮ ಸಂತತಿಯನ್ನು ತಾವೇ ಮುಂದುವರಿಸಲಾರದಷ್ಟು ವಿರಳ. ಇಳಿಜಾರಿನಿಂದ ತೇಲಿ ಬರುವ ಮರಿಗಳಿಂದಲೇ ಅವುಗಳ ಬಳಗ ಉಳಿದುಕೊಂಡಿದೆ. ರೆಕ್ಸ್ ಈ ವಿಚಾರವನ್ನು ಕಟ್ಟಿದ್ದು ಮೃದ್ವಂಗಿಗಳ ಆಧಾರದ ಮೇಲೆ. ಮೈದಾನಕ್ಕೆಂದೇ ಹುಟ್ಟಿದಂತಿರುವ ನಕ್ಷತ್ರಮೀನುಗಳ ಕುಟುಂಬಗಳನ್ನು ನೋಡಿದಾಗ, ಅದು ಇವುಗಳಿಗೂ ಅಷ್ಟೇ ಬಿಗಿಯಾಗಿ ಅನ್ವಯಿಸುತ್ತದೆಂದು ನನಗೆ ಅನ್ನಿಸುವುದಿಲ್ಲ.

ಅಂಥ ಕುಟುಂಬಗಳಲ್ಲಿ ಮುಖ್ಯವಾದದ್ದು ಪೋರ್ಸಿಲನಾಸ್ಟರಿಡೇ. ಇದರ ಒಂದು ಪ್ರಾಣಿಯನ್ನು ಹತ್ತಿರದಿಂದ ನೋಡಿದರೆ ಆಳದ ಬದುಕು ದೇಹವನ್ನು ಹೇಗೆ ತಿದ್ದಿದೆ ಎಂಬುದು ಗೊತ್ತಾಗುತ್ತದೆ. ಮೈ ಉಬ್ಬಿದ ಐದು ಮೂಲೆಯ ಚೀಲ, ತೋಳುಗಳು ಗಿಡ್ಡ, ಅಂಚಿನ ಫಲಕಗಳು ತೆಳ್ಳಗೆ ಮತ್ತು ನುಣುಪು. ಒಳಗೆಲ್ಲ ಕೆಸರು ತುಂಬಿರುತ್ತದೆ. ತೀರದ ನಕ್ಷತ್ರಮೀನು ಚಿಪ್ಪನ್ನು ತೆರೆದು ಜಠರವನ್ನೇ ಹೊರಚಾಚಿ ಬೇಟೆಯನ್ನು ಕರಗಿಸಿದರೆ, ಇದು ಕೆಸರನ್ನೇ ನುಂಗಿ ಅದರಲ್ಲಿರುವ ಅಲ್ಪ ಸಾರವನ್ನು ಹೀರಿಕೊಳ್ಳುತ್ತದೆ. ತೋಳು ಮತ್ತು ತೋಳಿನ ನಡುವಿನ ಸಂದಿಯಲ್ಲಿ, ಅಂಚಿನ ಫಲಕಗಳ ಮೇಲೆ, ನೆಟ್ಟಗೆ ನಿಂತ ಸೂಕ್ಷ್ಮ ಏಣುಗಳ ಸಾಲೊಂದಿದೆ. ಆ ಏಣುಗಳನ್ನು ಹೊದ್ದಿರುವ ಅತಿ ಸಣ್ಣ ರೋಮಗಳು ಒಂದೇ ದಿಕ್ಕಿಗೆ ಬೀಸುತ್ತ, ಕೆಸರಿನೊಳಗೆ ಹೂತುಕೊಂಡ ಪ್ರಾಣಿಯ ಸುತ್ತ ಹೊಸ ನೀರು ಹರಿಯುವಂತೆ ಮಾಡುತ್ತವೆ. ಬೆನ್ನಿನ ನಡುವಿನಿಂದ ಮೇಲಕ್ಕೆ ಚಾಚುವ ಮೊನೆಯೊಂದು ಕೆಲವು ಪ್ರಭೇದಗಳಲ್ಲಿದೆ. ಸಾಗರದ ಅತಿ ಆಳದ ನೀರಿನಲ್ಲಿ ಸುಣ್ಣ ಕರಗಿಹೋಗುತ್ತದೆ. ನಕ್ಷತ್ರಮೀನಿನ ಅಸ್ಥಿಫಲಕಗಳೋ ಸುಣ್ಣದಿಂದಲೇ ಆದವು. ಆದರೂ ಆ ಫಲಕಗಳನ್ನು ಜೀವಂತ ಚರ್ಮ ಹೊದ್ದಿರುವುದರಿಂದ ಸುಣ್ಣ ಕರಗುವ ಆಳದಲ್ಲೂ ಇವು ಬದುಕುತ್ತವೆ. ತೆಳ್ಳನೆಯ ಫಲಕಗಳು ಆ ನೀರಿನಲ್ಲಿ ಮಾಡಿಕೊಂಡ ಮಿತವ್ಯಯವೆಂದು ನನಗೆ ತೋರುತ್ತದೆ.

ಇದಕ್ಕೆ ಸಂಪೂರ್ಣ ವಿರುದ್ಧವಾದ ದಾರಿ ಹಿಡಿದವು ಬ್ರಿಸಿಂಗಿಡ್‌ಗಳೆಂಬ ನಕ್ಷತ್ರಮೀನುಗಳು. ನಾರ್ವೆಯ ಜನಪದ ಕಥೆಗಳ ಸಂಗ್ರಾಹಕನೆಂದೇ ಹೆಸರಾದ ಪೀಟರ್ ಕ್ರಿಸ್ಟನ್ ಆಸ್‌ಬ್ಯಾರ್ನ್‌ಸೆನ್ 1853ರಲ್ಲಿ ಹಾರ್ಡಾಂಗರ್ ಫಿಯೋರ್ಡ್‌ನ ಆಳದಿಂದ ಇವುಗಳ ಮೊದಲ ಪ್ರಾಣಿಯನ್ನು ಎತ್ತಿದ. ಹನ್ನೊಂದು ಉದ್ದ ತೋಳುಗಳ, ಕೆಂಪು ಬಣ್ಣದ ಆ ಜೀವಿ ಆವರೆಗೆ ತಿಳಿದಿದ್ದ ಯಾವ ನಕ್ಷತ್ರಮೀನನ್ನೂ ಹೋಲುತ್ತಿರಲಿಲ್ಲ. ಬ್ರಿಸಿಂಗಿಡ್‌ಗಳು ಬಂಡೆಯ ಮೇಲೋ ಹವಳದ ಕೊಂಬೆಯ ಮೇಲೋ ಕುಳಿತು, ಗಾಳಿಗೆ ತಿರುಗಿಕೊಂಡ ಕೊಡೆಯ ಕಡ್ಡಿಗಳಂತೆ ತೋಳುಗಳನ್ನು ಮೇಲಕ್ಕೆತ್ತಿ ಪ್ರವಾಹಕ್ಕೆ ಒಡ್ಡುತ್ತವೆ. ತೋಳುಗಳ ಉದ್ದಕ್ಕೂ ಇರುವ ಮುಳ್ಳುಗಳ ಮೇಲೆ ಸಾವಿರಾರು ಸೂಕ್ಷ್ಮ ಇಕ್ಕುಳಗಳಿದ್ದು, ಹಾದುಹೋಗುವ ಪುಟ್ಟ ಸೀಗಡಿಯಂಥ ಜೀವಿಗಳನ್ನು ಅವು ಕಚ್ಚಿ ಹಿಡಿಯುತ್ತವೆ. ಇದೇ ಗುಂಪಿನ ಫ್ರೇಯಾಸ್ಟೆರಾದಂಥ ಆರು ತೋಳಿನ ಜೀವಿಗಳು ಬಂಡೆಯಿಲ್ಲದ ಆಳ ಮೈದಾನಕ್ಕೂ ಇಳಿದಿವೆ. ಅವುಗಳ ಪಕ್ಕದಲ್ಲೇ ಹೈಮೆನಾಸ್ಟರ್ ಎಂಬ, ಬೆನ್ನಿನ ಮೇಲೆ ಇನ್ನೊಂದು ಪೊರೆಯನ್ನು ಡೇರೆಯಾಗಿ ಎತ್ತಿಕೊಂಡು ಆ ಎಡೆಯಲ್ಲಿ ಮರಿಗಳನ್ನು ಕಾಪಾಡುವ, ಲೋಳೆ ಮೈಯ ನಕ್ಷತ್ರಮೀನೂ ಇರುತ್ತದೆ. ಆಳ ಮೈದಾನದಲ್ಲಿ ಪ್ರಭೇದಗಳು ಕಡಿಮೆ ಎಂದು ಹೇಳುವಾಗ, ಆ ಕೆಲವೇ ಪ್ರಭೇದಗಳು ಬದುಕುವ ಬಗೆಗಳು ಒಂದಕ್ಕೊಂದು ಇಷ್ಟು ದೂರವಿರುವುದನ್ನೂ ಹೇಳಬೇಕು. ಎಣಿಕೆಯೊಂದನ್ನೇ ನೋಡಿದರೆ ಇದು ಕಣ್ಣಿಗೆ ಬೀಳುವುದಿಲ್ಲ.

ಈಗ ಅಕ್ಷಾಂಶದ ಪ್ರಶ್ನೆಗೆ ಬರೋಣ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದೇ. ಆಳಗಡಲು ಎಲ್ಲೆಡೆ ಒಂದೇ ತರಹ ತಣ್ಣಗೆ ಕತ್ತಲಾಗಿರುವುದರಿಂದ ಅಲ್ಲಿ ಅಕ್ಷಾಂಶಕ್ಕೆ ತಕ್ಕ ವ್ಯತ್ಯಾಸವೇ ಇರಲಾರದೆಂದು ಬಹುಕಾಲ ನಂಬಲಾಗಿತ್ತು. 1993ರಲ್ಲಿ ರೆಕ್ಸ್ ಮತ್ತು ಸಂಗಡಿಗರು, ಉತ್ತರ ಅಟ್ಲಾಂಟಿಕ್‌ನ ಆಳದ ಬಸವನಹುಳು, ಕಪ್ಪೆಚಿಪ್ಪು ಮತ್ತು ಐಸೋಪಾಡ್‌ಗಳೆಂಬ ಪುಟ್ಟ ಕವಚಧಾರಿ ಜೀವಿಗಳ ವೈವಿಧ್ಯ ಉತ್ತರಕ್ಕೆ ಹೋದಂತೆ ಇಳಿಯುವುದನ್ನು ತೋರಿಸಿದರು. ಹಾಗಾದರೆ ಆಳದಲ್ಲೂ ನೆಲದ ನಿಯಮವೇ ನಡೆಯುತ್ತದೆಯೇ? ಒಂದು ಸಾಗರದ, ಕೆಲವು ಗುಂಪುಗಳ ಲೆಕ್ಕದಿಂದ ಇದನ್ನು ಇತ್ಯರ್ಥ ಮಾಡುವಂತಿರಲಿಲ್ಲ. ಟಿಮ್ ಒ'ಹಾರಾ ಮತ್ತು ಸಂಗಡಿಗರು ಲೋಕದ ವಸ್ತುಸಂಗ್ರಹಾಲಯಗಳಲ್ಲಿದ್ದ ಬ್ರಿಟಲ್ ಸ್ಟಾರ್‌ಗಳ ದಾಖಲೆಗಳನ್ನು ಒಟ್ಟುಗೂಡಿಸಿ, ಗುರುತುಗಳನ್ನು ಮತ್ತೆ ಪರಿಶೀಲಿಸಿ, ಒಂದೂವರೆ ಲಕ್ಷಕ್ಕೂ ಮೀರಿದ ದಾಖಲೆಗಳನ್ನು ಕಲೆಹಾಕಿದರು. ಸ್ಕಿಪ್ಟನ್ ವುಲಿ ಮೊದಲ ಲೇಖಕರಾಗಿ 2016ರಲ್ಲಿ ಪ್ರಕಟವಾದ ಅದರ ವಿಶ್ಲೇಷಣೆಯಲ್ಲಿ ಕಂಡದ್ದು ಹೀಗೆ: ಎರಡು ಸಾವಿರ ಮೀಟರಿಗಿಂತ ಮೇಲಿನ ತಳದಲ್ಲಿ ವೈವಿಧ್ಯದ ಶಿಖರ ಉಷ್ಣವಲಯದಲ್ಲಿದೆ, ಎರಡು ಸಾವಿರದಿಂದ ಆರೂವರೆ ಸಾವಿರ ಮೀಟರುಗಳ ನಡುವೆ ಅದು 30ರಿಂದ 50 ಡಿಗ್ರಿ ಅಕ್ಷಾಂಶಗಳಿಗೆ ಸರಿದು, ಅದರಲ್ಲೂ ಖಂಡಗಳ ಅಂಚಿಗೆ ಹತ್ತಿರವಾಗಿ, ಮೇಲಿನಿಂದ ಹೆಚ್ಚು ಇಂಗಾಲ ಉದುರುವ ಕಡೆಗಳಲ್ಲಿ ನೆಲೆಯೂರಿದೆ.

ಇದಕ್ಕೆ ಕಾರಣ ಮೇಲಿನ ನೀರಿನಲ್ಲಿದೆ. ಉಷ್ಣವಲಯದ ತೆರೆದ ಸಾಗರದಲ್ಲಿ ಬಿಸಿಯಾದ ಹಗುರ ನೀರು ತಣ್ಣನೆಯ ಭಾರದ ನೀರಿನ ಮೇಲೆ ವರ್ಷವಿಡೀ ಕದಲದೆ ಕುಳಿತಿರುತ್ತದೆ, ಹೆಚ್ಚಿನ ಕಡೆ ಕೆಳಗಿನ ಪೋಷಕಾಂಶಗಳು ಮೇಲೇರುವುದು ಬಹಳ ಕಡಿಮೆ. ಅಲ್ಲಿನ ನೀರು ನೋಡಲು ಅತಿ ಸ್ವಚ್ಛವಾದ ನೀಲಿ, ಆದರೆ ಆ ಸ್ವಚ್ಛತೆಯ ಅರ್ಥ ಪ್ಲವಕಗಳ ಬರ. ಸಮಶೀತೋಷ್ಣ ಅಕ್ಷಾಂಶಗಳಲ್ಲಿ ಚಳಿಗಾಲದ ಬಿರುಗಾಳಿಗಳು ಕಡಲನ್ನು ಆಳದವರೆಗೆ ಕಲಕುತ್ತವೆ, ವಸಂತದ ಬಿಸಿಲು ಬಿದ್ದೊಡನೆ ಪ್ಲವಕಗಳು ಒಮ್ಮೆಲೇ ಹೆಚ್ಚುತ್ತವೆ, ಅವುಗಳನ್ನು ತಿಂದು ಮುಗಿಸಲು ಮೇಲಿನ ಜೀವಿಗಳಿಗೆ ಸಮಯ ಸಾಲದೆ ಒಂದಷ್ಟು ಭಾಗ ಕೆಲವೇ ವಾರಗಳಲ್ಲಿ ತಳಕ್ಕೆ ಇಳಿಯುತ್ತದೆ. ಈಶಾನ್ಯ ಅಟ್ಲಾಂಟಿಕ್‌ನ ತಳದಲ್ಲಿ ಈ ಹಸಿರು-ಕಂದು ಪದರ ಬಂದು ಬೀಳುವುದನ್ನು 1980ರ ದಶಕದ ಆರಂಭದಲ್ಲಿ ಛಾಯಾಚಿತ್ರಗಳಲ್ಲಿ ಹಿಡಿದಾಗ, ಆಳದಲ್ಲಿ ಋತುಗಳೇ ಇಲ್ಲವೆಂಬ ಹಳೆಯ ನಂಬಿಕೆ ಮುರಿದುಬಿತ್ತು. ಅದೇ ಈಶಾನ್ಯ ಅಟ್ಲಾಂಟಿಕ್‌ನ ರಾಕಾಲ್ ತಗ್ಗಿನಲ್ಲಿ ಸುಮಾರು ಎರಡು ಸಾವಿರ ಮೀಟರ್ ಆಳದಲ್ಲಿ ಬಾಳುವ ಪ್ಲುಟೊನಾಸ್ಟರ್ ಬೈಫ್ರಾನ್ಸ್ ಎಂಬ ನಕ್ಷತ್ರಮೀನು ವರ್ಷಕ್ಕೊಮ್ಮೆ ಗೊತ್ತಾದ ಋತುವಿನಲ್ಲಿ ಮೊಟ್ಟೆಯಿಡುತ್ತದೆ. ಅದೇ ತಗ್ಗಿನ ಹೈಮೆನಾಸ್ಟರ್‌ಗೆ ಅಂಥ ಋತುವಿಲ್ಲ. ಎಂದೂ ಬೆಳಕು ಕಾಣದ ಪ್ರಾಣಿಯೊಂದರ ಅಂಡಾಶಯ ಎರಡು ಕಿಲೋಮೀಟರ್ ಮೇಲಿನ ವಸಂತಕ್ಕೆ ಹೊಂದಿಕೊಂಡು ತುಂಬುತ್ತ ಬರಿದಾಗುತ್ತ ಇರುವುದನ್ನು ಓದಿದಾಗ ನನಗಾದ ಸಂತೋಷ ದೊಡ್ಡದು.

ಶಾಖ ಒಂದು ಬಗೆಯ ಶಕ್ತಿ, ಆಹಾರ ಇನ್ನೊಂದು ಬಗೆಯ ಶಕ್ತಿ. ಆಳವಿಲ್ಲದ ನೀರಿನಲ್ಲಿ ಮೊದಲನೆಯದು ವೈವಿಧ್ಯದ ಜೊತೆ ಹೆಚ್ಚು ಬಿಗಿಯಾಗಿ ಹೆಣೆದುಕೊಂಡಿದೆ. ಆಳದಲ್ಲಿ ಶಾಖದ ವ್ಯತ್ಯಾಸವೇ ಇಲ್ಲದ್ದರಿಂದ ಎರಡನೆಯದು ಮೇಲುಗೈ ಪಡೆಯುತ್ತದೆ. ಈ ವಿವರಣೆ ನನಗೆ ಒಪ್ಪಿಗೆಯಾಗಿದೆ. ಆದರೂ ಇದೊಂದರಿಂದಲೇ ಎಲ್ಲವನ್ನೂ ಬಿಡಿಸಲಾಗದು. ಇತಿಹಾಸಕ್ಕೂ ಪಾಲಿದೆ, ಮತ್ತು ಅದು ಸ್ಪಷ್ಟವಾಗಿ ಕಾಣುವುದು ಅಂಟಾರ್ಕ್ಟಿಕಾದ ಸುತ್ತ. ದಕ್ಷಿಣ ಸಾಗರದಿಂದ ಇನ್ನೂರಕ್ಕೂ ಹೆಚ್ಚು ನಕ್ಷತ್ರಮೀನು ಪ್ರಭೇದಗಳು ದಾಖಲಾಗಿವೆ, ಎಂದರೆ ಲೋಕದ ಒಟ್ಟು ಪ್ರಭೇದಗಳಲ್ಲಿ ಹತ್ತರಲ್ಲಿ ಒಂದಕ್ಕಿಂತ ಹೆಚ್ಚು. ಹಿಮದ ಭಾರಕ್ಕೆ ಕುಸಿದಿರುವ ಅಲ್ಲಿನ ಖಂಡಾವರಣ ಪ್ರದೇಶ ಬೇರೆ ಖಂಡಗಳದ್ದಕ್ಕಿಂತ ಬಹಳ ಆಳದಲ್ಲಿದೆ, ಕೆಲವೆಡೆ ಐನೂರು ಮೀಟರುಗಳಷ್ಟು. ಅಲ್ಲಿ ಮೇಲಿನ ನೀರೂ ಕೆಳಗಿನ ನೀರೂ ಬಹುತೇಕ ಒಂದೇ ತಂಪಿನಲ್ಲಿರುವುದರಿಂದ, ತಲೆಮಾರುಗಳು ಕಳೆದಂತೆ ತೀರದ ವಂಶಗಳು ಆಳಕ್ಕೂ ಆಳದ ವಂಶಗಳು ತೀರದ ಕಡೆಗೂ ಹಬ್ಬಲು ಅಡ್ಡಿ ಕಡಿಮೆ. ಅಲ್ಲಿನ ಅನೇಕ ನಕ್ಷತ್ರಮೀನುಗಳು ಮೊಟ್ಟೆಗಳನ್ನು ನೀರಿಗೆ ಚೆಲ್ಲದೆ ಮೈಗವುಚಿಕೊಂಡು ಮರಿಮಾಡುತ್ತವೆ. ದೂರ ತೇಲಿ ಹೋಗದ ಮರಿಗಳಿರುವ ಕಡೆ, ಹಿಮಯುಗಗಳಲ್ಲಿ ಚೂರುಚೂರಾಗಿ ಬೇರ್ಪಟ್ಟ ಬಳಗಗಳು ಹೊಸ ಪ್ರಭೇದಗಳಾಗಿ ಬೇರೆಯಾಗುವುದು ಸುಲಭ. ಆರ್ಕ್ಟಿಕ್‌ನ ಆಳದ ತಳ ಅಷ್ಟೇ ತಣ್ಣಗಿದ್ದರೂ ಪ್ರಭೇದಗಳಲ್ಲಿ ಬಡ. ಎತ್ತರದ ನೀರಡಿ ದಿಣ್ಣೆಗಳು ಅದನ್ನು ಬೇರೆ ಸಾಗರಗಳಿಂದ ಬೇರ್ಪಡಿಸಿವೆ, ಅದರ ಇಂದಿನ ರೂಪದ ಚರಿತ್ರೆಯೂ ಚಿಕ್ಕದು.

ಆಮ್ಲಜನಕದ ಕೊರತೆ ಈ ಚಿತ್ರದಲ್ಲಿ ದೊಡ್ಡ ತೂತನ್ನೇ ಕೊರೆಯುತ್ತದೆ. ಅರಬ್ಬೀ ಸಮುದ್ರದಲ್ಲಿ ಸುಮಾರು 150ರಿಂದ ಒಂದು ಸಾವಿರ ಮೀಟರುಗಳವರೆಗೆ ಆಮ್ಲಜನಕ ಅತ್ಯಲ್ಪ. ಮಬಾಹಿಸ್ ಎಂಬ ಈಜಿಪ್ಟಿನ ಹಡಗಿನಲ್ಲಿ 1933-34ರಲ್ಲಿ ನಡೆದ ಜಾನ್ ಮರ್ರೆ ಯಾತ್ರೆಯ ವಿಜ್ಞಾನಿಗಳಿಗೆ ಆ ಪಟ್ಟಿಯ ತಳದಲ್ಲಿ ದೊಡ್ಡ ಜೀವಿಗಳು ಬಹುಮಟ್ಟಿಗೆ ಇಲ್ಲವೆಂಬುದು ಗೊತ್ತಾಗಿತ್ತು. ಮೇಲೆ ಆಹಾರ ಹೇರಳವಾಗಿದ್ದು, ಅದು ಕೊಳೆಯುವಾಗಲೇ ಉಸಿರನ್ನು ಕಸಿದುಕೊಳ್ಳುವ ಜಾಗ ಅದು. ಹೆಚ್ಚು ಆಹಾರ ಬಿದ್ದಷ್ಟೂ ಹೆಚ್ಚು ಪ್ರಭೇದ ಎಂಬ ಸರಳ ಲೆಕ್ಕಕ್ಕೆ ಇರುವ ಮಿತಿ ಇಲ್ಲಿ ಕಾಣುತ್ತದೆ.

ಮೈದಾನದ ಬಡತನದ ನಡುವೆ ಸಣ್ಣ ಸಣ್ಣ ದ್ವೀಪಗಳಂತೆ ಸಮೃದ್ಧಿ ಇರುವ ಜಾಗಗಳೂ ಉಂಟು. ನೀರಡಿಯ ಬೆಟ್ಟಗಳ ಮೇಲೆ ಬೆಳೆಯುವ ಆಳದ ಹವಳಗಳನ್ನು ಹಿಪ್ಪಾಸ್ಟೀರಿಯಾದಂಥ ನಕ್ಷತ್ರಮೀನುಗಳು ಮೇಯುತ್ತವೆ. ಸ್ಮಿತ್ಸೋನಿಯನ್ ಸಂಸ್ಥೆಯ ಕ್ರಿಸ್ಟೋಫರ್ ಮಾ ಅಂಥ ಎಷ್ಟೋ ಪ್ರಭೇದಗಳಿಗೆ ಹೆಸರಿಟ್ಟಿದ್ದಾರೆ. ದಕ್ಷಿಣ ಸಾಗರದ ಪೂರ್ವ ಸ್ಕೋಷಿಯಾ ಏಣಿನ ಬಿಸಿನೀರಿನ ಚಿಲುಮೆಗಳ ಪಕ್ಕದಲ್ಲಿ ಸಿಕ್ಕ ಪಾಲಾಸ್ಟೀರಿಯಾಸ್‌ಗೆ 2015ರಲ್ಲಿ ಒಂದು ಹೊಸ ಕುಟುಂಬವನ್ನೇ ಕಟ್ಟಬೇಕಾಯಿತು. ನದಿಗಳು ಕಡಲಿಗೆ ತಂದು ಹಾಕಿದ ಮರದ ದಿಮ್ಮಿಗಳು ಮುಳುಗಿ ತಳ ಸೇರಿದಾಗ ಅವುಗಳಲ್ಲೂ ಕೆಲವು ಜೀವಿಗಳಿಗೆ ನೆಲೆ ಸಿಗುತ್ತದೆ. 1986ರಲ್ಲಿ ನ್ಯೂಜಿಲೆಂಡ್ ಬಳಿಯ ಆಳದ ಅಂಥ ಮರದಿಂದ ವರ್ಣಿಸಲಾದ ಜೈಲೊಪ್ಲಾಕ್ಸ್, ತೋಳುಗಳೇ ಇಲ್ಲದ, ಒಂದು ಸೆಂಟಿಮೀಟರೂ ಇಲ್ಲದ ದುಂಡು ಬಿಲ್ಲೆ. ಅದರ ಅಂಚಿನ ಸುತ್ತ ಕೊಳವೆ ಪಾದಗಳ ಒಂದೇ ಒಂದು ಉಂಗುರ. ಮೊದಲಿಗೆ ಅದನ್ನು ಕಂಟಕಚರ್ಮಿಗಳಲ್ಲಿ ಹೊಸದೊಂದು ವರ್ಗವೆಂದೇ ಘೋಷಿಸಲಾಯಿತು. ಅನುವಂಶಿಕ ಪರೀಕ್ಷೆಗಳ ನಂತರ ಅದು ನಕ್ಷತ್ರಮೀನುಗಳ ಗುಂಪಿನೊಳಗಿನದೇ ಒಂದು ವಿಚಿತ್ರ ಕವಲೆಂಬುದು ಸ್ಥಿರವಾಗಿದೆ.

ಇಷ್ಟೆಲ್ಲ ಹೇಳುವಾಗ ನಕ್ಷೆ ಯಾರ ಕೈಯಲ್ಲಿ ತಯಾರಾಯಿತು ಎಂಬುದನ್ನೂ ನೆನಪಿಡಬೇಕು. 2025ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ, ಆಳಗಡಲಿನ ತಳದಲ್ಲಿ ಮನುಷ್ಯರು ಕಣ್ಣಿನಿಂದಲೋ ಕ್ಯಾಮೆರಾದಿಂದಲೋ ನೋಡಿರುವುದು ಶೇ 0.001ಕ್ಕಿಂತ ಕಡಿಮೆ ಭಾಗವನ್ನು; ಆ ನೋಟಗಳಲ್ಲೂ ಶೇ 65ರಷ್ಟು ಅಮೆರಿಕ, ಜಪಾನ್ ಮತ್ತು ನ್ಯೂಜಿಲೆಂಡ್ ದೇಶಗಳ ಇನ್ನೂರು ನಾಟಿಕಲ್ ಮೈಲಿಗಳ ಒಳಗಿನವು. ಬಲೆಗಳ ಇತಿಹಾಸವೂ ಹೀಗೆಯೇ ಓರೆಯಾಗಿದೆ. ಈಶಾನ್ಯ ಅಟ್ಲಾಂಟಿಕ್‌ನಲ್ಲಿ ದಶಕಗಳ ಕಾಲ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹಡಗು ಹೋಗಿದೆ. ದಕ್ಷಿಣ ಪೆಸಿಫಿಕ್‌ನ ನಡುಭಾಗಕ್ಕೂ ಹಿಂದೂ ಮಹಾಸಾಗರದ ಆಳ ಜಲಾನಯನಗಳಿಗೂ ಅಂಥ ಭಾಗ್ಯ ಬಂದಿಲ್ಲ. ಸಮಶೀತೋಷ್ಣ ಅಕ್ಷಾಂಶಗಳಲ್ಲಿ ಕಂಡ ಶಿಖರದಲ್ಲಿ ಸಮೀಕ್ಷೆಯ ಈ ಓರೆಯ ಪಾಲನ್ನು ಲೆಕ್ಕದಿಂದ ಕಳೆಯುವ ವಿಧಾನಗಳನ್ನು ಸಂಶೋಧಕರು ಬಳಸಿದ್ದಾರೆ, ಮತ್ತು ಆ ಶಿಖರದ ಮೇಲೆ ನನಗೆ ನಂಬಿಕೆಯಿದೆ. ಆದರೆ ಯಾವುದಾದರೂ ಒಂದು ಮೈದಾನವನ್ನು ಹೆಸರಿಸಿ, ಇಲ್ಲಿ ಹೆಚ್ಚೇನೂ ಇಲ್ಲ ಎಂದು ಹೇಳುವವರ ಮಾತನ್ನು ಮಾತ್ರ ನಾನು ಒಪ್ಪಲಾರೆ. ಹವಾಯಿ ಮತ್ತು ಮೆಕ್ಸಿಕೊ ನಡುವಿನ ಕ್ಲಾರಿಯನ್-ಕ್ಲಿಪರ್ಟನ್ ವಲಯದಲ್ಲಿ, ಗಣಿಗಾರಿಕೆಗೆ ಕಂಪನಿಗಳು ಕಣ್ಣಿಟ್ಟಿರುವ ಲೋಹದ ಉಂಡೆಗಳ ನಡುವೆ, ಬಾಳುತ್ತಿವೆಯೆಂದು ಅಂದಾಜಿಸಲಾದ 5,578 ಪ್ರಾಣಿ ಪ್ರಭೇದಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತಕ್ಕೆ ಇನ್ನೂ ಹೆಸರೇ ಇಲ್ಲವೆಂದು 2023ರಲ್ಲಿ ತಿಳಿದುಬಂತು. ಪೆರುವಿನ ಆಚೆಯ ಆಳದ ತಳದಲ್ಲಿ 1989ರಲ್ಲಿ ಪ್ರಯೋಗಕ್ಕಾಗಿ ಉತ್ತ ಸಾಲುಗಳು ಇಪ್ಪತ್ತಾರು ವರ್ಷಗಳ ನಂತರವೂ ಹಾಗೆಯೇ ಕಾಣುತ್ತಿದ್ದವು. ಇಷ್ಟು ನಿಧಾನವಾಗಿ ಮಾಯುವ ನೆಲವನ್ನು, ಅಲ್ಲಿ ಯಾರಿದ್ದಾರೆಂದು ತಿಳಿಯುವ ಮುಂಚೆಯೇ ಅಗೆಯಲು ಹೊರಡುವುದು ತಪ್ಪೆಂದು ನಾನು ನೇರವಾಗಿಯೇ ಹೇಳುತ್ತೇನೆ.

ನನ್ನನ್ನು ಅತ್ಯಂತ ಹೆಚ್ಚು ಕುತೂಹಲದಲ್ಲಿ ಇಟ್ಟಿರುವ ಪ್ರಶ್ನೆ ಮಾತ್ರ ಇನ್ನೊಂದಿದೆ. ಡೆನ್ಮಾರ್ಕ್‌ನ ಎಫ್. ಜೆ. ಮ್ಯಾಡ್ಸನ್ 1950-52ರ ಗ್ಯಾಲಥಿಯಾ ಯಾತ್ರೆಯ ಸಂಗ್ರಹವನ್ನೂ ಹಳೆಯ ಸಂಗ್ರಹಗಳನ್ನೂ ಒಟ್ಟಿಗಿಟ್ಟು, 1961ರಲ್ಲಿ ಪೋರ್ಸಿಲನಾಸ್ಟರಿಡೇ ಕುಟುಂಬವನ್ನು ಆಮೂಲಾಗ್ರವಾಗಿ ಪರಿಷ್ಕರಿಸಿದರು. ಬೇರೆ ಬೇರೆ ಸಾಗರಗಳಿಂದ ಬೇರೆ ಬೇರೆ ಹೆಸರು ಪಡೆದಿದ್ದ ಎಷ್ಟೋ ಪ್ರಾಣಿಗಳು ಒಂದೇ ಪ್ರಭೇದದ ಬೆಳವಣಿಗೆಯ ಹಂತಗಳು ಅಥವಾ ಸಣ್ಣಪುಟ್ಟ ಭೇದಗಳು ಎಂದು ತೀರ್ಮಾನಿಸಿ, ಹೆಸರುಗಳನ್ನು ಕೂಡಿಸಿದರು. ಅದರಂತೆ ಪೋರ್ಸಿಲನಾಸ್ಟರ್ ಸೆರೂಲಿಯಸ್ ಅಟ್ಲಾಂಟಿಕ್, ಹಿಂದೂ ಮತ್ತು ಪೆಸಿಫಿಕ್ ಸಾಗರಗಳ ತಳದಲ್ಲೆಲ್ಲ ಹರಡಿರುವ ಒಂದೇ ಪ್ರಭೇದ. ಆಳ ಮೈದಾನಗಳಲ್ಲಿ ಪ್ರಭೇದಗಳು ಕಡಿಮೆ, ಆದರೆ ಒಂದೊಂದರ ವ್ಯಾಪ್ತಿ ವಿಶಾಲ ಎಂಬ ನಮ್ಮ ಇಂದಿನ ತಿಳಿವಳಿಕೆ ಇಂಥ ತೀರ್ಮಾನಗಳ ಮೇಲೆಯೇ ನಿಂತಿದೆ. ಹೊರರೂಪದಲ್ಲಿ ಒಂದೇ ಎಂದು ಕಾಣುವ ಆಳಗಡಲಿನ ಜೀವಿಗಳು ಡಿಎನ್‌ಎ ಪರೀಕ್ಷೆಯಲ್ಲಿ ಹಲವು ಪ್ರಭೇದಗಳಾಗಿ ಒಡೆದ ನಿದರ್ಶನಗಳು ಬೇರೆ ಗುಂಪುಗಳಲ್ಲಿ ಈಗಾಗಲೇ ಸಾಕಷ್ಟಿವೆ. ಮ್ಯಾಡ್ಸನ್ ನೋಡಿದ ಮಾದರಿಗಳು ಹಳೆಯವು; ಅಂಥವುಗಳಿಂದ ಡಿಎನ್‌ಎ ತೆಗೆಯುವುದು ಕಷ್ಟ. ಆದ್ದರಿಂದ ಮೂರು ಸಾಗರಗಳ ತಳದಿಂದ ಹೊಸ ಮಾದರಿಗಳನ್ನು, ಅದಕ್ಕೆಂದೇ ಸರಿಯಾಗಿ ಸಂರಕ್ಷಿಸಿ, ಮೇಲಕ್ಕೆ ತರಬೇಕಾಗುತ್ತದೆ. ಮೂರು ಕಡೆಯದೂ ಒಂದೇ ಪ್ರಭೇದವೆಂದು ಗೊತ್ತಾದರೆ, ಸಾವಿರಾರು ಕಿಲೋಮೀಟರುಗಳ ಕತ್ತಲ ಕೆಸರನ್ನು ದಾಟಿ ಈ ಕೆಸರುಬಾಕ ಪ್ರಾಣಿ ತನ್ನ ಬಳಗದೊಡನೆ ಸಂಬಂಧ ಉಳಿಸಿಕೊಂಡಿರುವುದು ಹೇಗೆ ಎಂಬುದನ್ನು ವಿವರಿಸಬೇಕು. ಹಲವು ಪ್ರಭೇದಗಳೆಂದು ಗೊತ್ತಾದರೆ, ಆಳ ಮೈದಾನದ ಎಣಿಕೆಯನ್ನೆಲ್ಲ ಮತ್ತೆ ಮೊದಲಿನಿಂದ ಮಾಡಬೇಕು.